ಆ್ಯಂಕಿಡ್ರಾಯ್ಡ್: ಪದಪಟ್ಟಿ ಕೊಳ್ಳುವ ಮುಂಚೆ ನೋಡಿ

ಹಾಸನದಲ್ಲಿ ಬ್ಯಾಂಕ್ ಪರೀಕ್ಷೆಗೆ ಓದುವವರಿಗೆ ಇಂಗ್ಲಿಷ್ ಪದ ಕಲಿಯೋಕೆ, ಮುಂದೆ ಪ್ರಶ್ನೆ ಹಿಂದೆ ಉತ್ತರ ಇರುವ ಕಾರ್ಡ್‌ಗಳನ್ನು ಬಿಟ್ಟು ಬಿಟ್ಟು ಮತ್ತೆ ತೋರಿಸುವ ಈ ಆ್ಯಪ್ ಧಾರಾಳ ಸಾಕು. ಆಂಡ್ರಾಯ್ಡ್‌ನಲ್ಲಿ ಉಚಿತ, ಜಾಹೀರಾತಿಲ್ಲ. ಐಫೋನಿನಲ್ಲಿ ಇದೇ ಕೆಲಸ ಮಾಡುವ ಆ್ಯಂಕಿ ಆ್ಯಪ್‌ಗೆ ಮಾತ್ರ ದುಡ್ಡು. ಶಿರಾಡಿ ಘಾಟಿಯಲ್ಲಿ ನೆಟ್‌ವರ್ಕ್ ಹೋದರೂ ನಡೆಯುತ್ತೆ. ನೋಟಕ್ಕೆ ಮಾತ್ರ ಸಪ್ಪೆ.

ಜನ ಎಡವುವುದು ಸೆಟ್ಟಿಂಗ್‌ನಲ್ಲಿ. ದಿನಕ್ಕೆ 20 ಹೊಸ ಕಾರ್ಡ್ ಅಂತ ಮೊದಲೇ ಇರುತ್ತೆ. ಹಳೆಯವೂ ಮತ್ತೆ ಮತ್ತೆ ಬರುವುದರಿಂದ ಬೇಗ ರಾಶಿ ಬೀಳುತ್ತೆ, 7ಕ್ಕೆ ಇಳಿಸಿ. ಕಾರ್ಡಿನ ಮುಂದೆ ಪದ, ಹಿಂದೆ ಅರ್ಥ ಅಂತಷ್ಟೇ ಬರೆದರೆ ಓದುವಾಗ ಗುರುತು ಸಿಗುತ್ತೆ, ಬರೆಯುವಾಗ ಕೈಕೊಡುತ್ತೆ. ಮುಂದೆ ಪದದ ಜಾಗ ಖಾಲಿ ಬಿಟ್ಟ ವಾಕ್ಯ ಮತ್ತು ಒಂದು ಸಾಲಿನ ಅರ್ಥ, ಹಿಂದೆ ಪದ ಇರಲಿ. ಎರಡು ಅರ್ಥವಿದ್ದರೆ ಎರಡು ಕಾರ್ಡ್. ಉತ್ತರ ನೋಡಿದ ಮೇಲೆ, ಪದ ಮರೆತಿದ್ದರೆ ‘ಅಗೇನ್’ ಬಟನ್ ಒತ್ತಿ, ‘ಹಾರ್ಡ್’ ಬೇಡ. ‘ಹಾರ್ಡ್’ ಅಂದರೆ ಕಷ್ಟಪಟ್ಟು ನೆನಪಾಯ್ತು ಅಂತಲೇ ಆ್ಯಪ್ ಲೆಕ್ಕ ಹಾಕಿ, ಕಾರ್ಡನ್ನು ಮುಂದಕ್ಕೆ ತಳ್ಳುತ್ತೆ.