ಬೈಕ್ ತಗೊಳ್ಳೋರು ಪಾಲಿಸಿಯ ಸಿಪಿಎ ಸಾಲು ನೋಡ್ರಿ, ನಮ್ಮಪ್ಪಂದ್ರಾಗ ಸೊನ್ನೆ ಇತ್ತು

ಕೊಪ್ಪಳ, ಗಂಗಾವತಿ, ಕಾರಟಗಿ ಕಡೆ ಹೊಸ ಬೈಕ್ ತಗೊಳ್ಳೋರು, ಈಗಾಗಲೇ ತಗೊಂಡೋರು, ದಯವಿಟ್ಟು ಇದನ್ನ ಪೂರ್ತಿ ಓದ್ರಿ. ಶೋರೂಮಿನವರು "ಫುಲ್ ಇನ್ಶೂರೆನ್ಸ್ ಐತ್ರಿ" ಅಂದ್ರೆ ನಂಬಬೇಡ್ರಿ. ಪಾಲಿಸಿ ತೆಗೆದು ಸಿಪಿಎ (ಮಾಲೀಕರ ಕಡ್ಡಾಯ ಅಪಘಾತ ವಿಮೆ, ಶೋರೂಮಿನವರು ಬರೀ ಪಿಎ ಅಂತಾರೆ) ಅನ್ನೋ ಸಾಲು ಹುಡುಕ್ರಿ. ಗಾಡಿ ಮಾಲೀಕರು ತಾವೇ ಓಡಿಸುವಾಗ ಸತ್ತರೆ, ಕೈಕಾಲು ಕಳಕೊಂಡರೆ ದುಡ್ಡು ಬರೋದು ಆ ಸಾಲಿನಿಂದ. ನಮ್ಮ ಪಾಲಿಸಿಯಲ್ಲಿ ಅದರ ಮುಂದೆ 0.00 ಇತ್ತು. ಅದಕ್ಕೂ ಸೇರಿಸಿ ದುಡ್ಡು ಮಾತ್ರ ಎಣಿಸಿಕೊಂಡಿದ್ರು.

2024ರ ದಸರಾ ಮುಂದೆ ಅಪ್ಪನ ಹೆಸರಿಗೆ 125 ಸಿಸಿ ಬೈಕ್ ತಗೊಂಡ್ವಿ, ಸಾಲದ ಮೇಲೆ. ಸೇಲ್ಸ್ ಹುಡುಗ ಚೀಟಿ ಬರೆದುಕೊಟ್ಟ: ಗಾಡಿ 85,000, ಆರ್‌ಟಿಓ 17,500, ಇನ್ಶೂರೆನ್ಸ್ + ಪಿಎ 9,200. ಪಿಎ ಅಂದ್ರೇನಪ್ಪಾ ಅಂತ ನಾನೇ ಕೇಳಿದೆ. "ಗಾಡಿ ಮ್ಯಾಲಿದ್ದಾಗ ಮಾಲೀಕರಿಗೆ ಏನರ ಆತಂದ್ರ ಹದಿನೈದು ಲಕ್ಷ ಅಣ್ಣ. ಐದು ವರ್ಷ ನೀವು ತಿರುಗಿ ನೋಡಂಗಿಲ್ಲ" ಅಂದ. ಆ ಚೀಟಿ ಇವತ್ತಿಗೂ ನನ್ನ ಹತ್ರ ಐತಿ. ಪಿಎ ಅಂತ ಅವನ ಕೈಯಾರೆ ಬರೆದದ್ದು.

ಗಾಡಿ ಬಿಡಿಸಿಕೊಳ್ಳೋ ದಿನ ಹೂವಿನ ಹಾರ ಹಾಕಿ, ಟೈರಿನ ಕೆಳಗೆ ನಿಂಬೆಹಣ್ಣು ಇಟ್ಟು, ಅಪ್ಪ ಕಾಯಿ ಒಡೆಯೋಕೆ ನಿಂತಿದ್ರು. ಆಗ ಆ ಹುಡುಗ ಓಡಿ ಬಂದು "ಯಜಮಾನ್ರ, ಫೋನಿಗೆ ಒಟಿಪಿ ಬಂದೈತಿ, ಲಗೂನ ಹೇಳ್ರಿ, ಗಾಡಿ ರಿಲೀಸ್ ಆಗಬೇಕು" ಅಂದ. ಅಪ್ಪ ಹೇಳಿದ್ರು. ಪಾಲಿಸಿ ವಾಟ್ಸಾಪಿಗೆ ಬಂದದ್ದು ಆಮೇಲೆ, ಪೂರಾ ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರ.

ಬೇಸಿಗೆಯಲ್ಲಿ ಕಾರಟಗಿ ರಸ್ತೆಯಲ್ಲಿ ಎಮ್ಮೆ ಅಡ್ಡ ಬಂದು ಅಪ್ಪ ಬಿದ್ರು. ಬೇರೆ ಗಾಡಿ ಯಾವುದೂ ಇರಲಿಲ್ಲ. ಕಾಲು ನುಜ್ಜುಗುಜ್ಜಾಗಿತ್ತು, ಬಳ್ಳಾರಿಗೆ ಒಯ್ದ್ವಿ, ಮೊಣಕಾಲಿನ ಕೆಳಗೆ ತೆಗೆಯಬೇಕಾಯ್ತು. ಅದರ ಬಗ್ಗೆ ಇಷ್ಟೇ ಬರೀತೀನಿ.

ಒಂದು ಕಾಲು ಹೋದರೆ ಹದಿನೈದು ಲಕ್ಷದಲ್ಲಿ ಅರ್ಧ, ಏಳೂವರೆ ಲಕ್ಷ ಬರತೈತಿ ಅಂತ ತಿಳಿದವರು ಹೇಳಿದ್ರು. ಅದು ನಿಯಮ, ನಿಜಾನೇ. ಅದನ್ನ ನಂಬಿ ಮಾವನ ಹತ್ರ ಕೈಗಡ ತಗೊಂಡೆ, ವಿಮೆ ಬಂದ ಕೂಡ್ಲೆ ಕೊಡ್ತೀನಿ ಅಂದೆ. ಆಸ್ಪತ್ರೆ ವರಾಂಡದಲ್ಲಿ ಎಲ್ಲಾರ ಮುಂದೆ ವಿಮಾ ಕಂಪನಿಗೆ ಫೋನ್ ಹಚ್ಚಿ ಸ್ಪೀಕರಿನಲ್ಲಿ ಇಟ್ಟೆ. ಆ ಕಡೆ ಹೆಣ್ಮಗಳು ಪಾಲಿಸಿ ನಂಬರ್ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ಇದರಲ್ಲಿ ಸಿಪಿಎ ಕವರ್ ಇಲ್ಲ. ತಮಗೆ ಈಗಾಗಲೇ ಹದಿನೈದು ಲಕ್ಷದ ಬೇರೆ ಅಪಘಾತ ವಿಮೆ ಇದೆ ಅಂತ ಮಾಲೀಕರೇ ಡಿಕ್ಲರೇಷನ್ ಕೊಟ್ಟಿದ್ದಾರೆ" ಅಂದ್ಲು. ಮಾವ ಅಲ್ಲೇ ನಿಂತಿದ್ರು. ನನಗೆ ಮುಖ ಎತ್ತೋಕೆ ಆಗಲಿಲ್ಲ.

ಆ ಡಿಕ್ಲರೇಷನ್ನಿಗೇ ಆ ಒಟಿಪಿ. ಗಾಡಿ ರಿಲೀಸಿಗೆ ಅಂತ ಸುಳ್ಳು ಹೇಳಿ ಇಸಕೊಂಡ ಒಟಿಪಿ. ಬೇರೆ ವಿಮೆ ಇದ್ದರೆ ಸಿಪಿಎ ಬೇಡ ಅನ್ನೋಕೆ ಅವಕಾಶ ಐತಿ, ಆ ಕಿಂಡಿಯಲ್ಲಿ ಇವರು ತೂರಿದ್ದಾರೆ. ನಮ್ಮಪ್ಪ ಭತ್ತದ ಗದ್ದೆ ಮಾಡೋರು. ಅವರಿಗೆ ಎಲ್ಲಿಯ ಹದಿನೈದು ಲಕ್ಷದ ವಿಮೆ?

ಪಾಲಿಸಿ ತೆಗೆದು ನೋಡಿದರೆ ಒಟ್ಟು ಪ್ರೀಮಿಯಂ 6,180. ಅದರಲ್ಲಿ ಐದು ವರ್ಷದ ಥರ್ಡ್ ಪಾರ್ಟಿಗೆ (ನಮ್ಮ ಗಾಡಿಯಿಂದ ಬೇರೆಯವರಿಗೆ ಆಗೋ ನಷ್ಟಕ್ಕೆ) 3,851, ಮೇಲೆ ಜಿಎಸ್‌ಟಿ. ಅದು ಸರ್ಕಾರ ಗೊತ್ತು ಮಾಡಿದ ದರ, 75ರಿಂದ 150 ಸಿಸಿವರೆಗೆ ಯಾವ ಕಂಪನಿಯಾದರೂ ಅಷ್ಟೇ. ಉಳಿದದ್ದು ಗಾಡಿಯ ಡ್ಯಾಮೇಜಿಗೆ, ಅದೂ ಒಂದೇ ವರ್ಷಕ್ಕೆ. ನಾವು ಕೊಟ್ಟದ್ದು 9,200. ಮೂರು ಸಾವಿರ ಎಲ್ಲಿ ಹೋಯ್ತು?

ಶೋರೂಮಿಗೆ ಹೋದೆ. ಸೇಲ್ಸ್ ಹುಡುಗ: "ಅದು ಸಿಸ್ಟಮ್ ತಾನೇ ತಗೋತೈತಿ ಅಣ್ಣ, ನನ್ನ ಕೈಯಾಗ ಏನೈತಿ." ಮ್ಯಾನೇಜರ್ ಚೀಟಿ ನೋಡಿ: "ಇದು ಎಸ್ಟಿಮೇಟ್ ರೀ, ಬಿಲ್ ಅಲ್ಲ. ಒಟಿಪಿ ಕೊಟ್ಟವರು ನಿಮ್ಮ ತಂದಿಯವರು. ಓದಿ ನೋಡಿ ಕೊಡಬೇಕಿಲ್ಲೇನು?" ಏನನ್ನ ಓದಬೇಕಿತ್ತು? ಒಟಿಪಿ ಕೇಳೋ ಹೊತ್ತಿಗೆ ಪಾಲಿಸಿನೇ ನಮ್ಮ ಕೈಗೆ ಬಂದಿರಲಿಲ್ಲ! ಹಾಗಂದಿದ್ದಕ್ಕೆ "ಗಾಡಿ ರಿಪೇರಿ ಕ್ಲೇಮ್ ಮಾಡಿಸಿ ಕೊಟ್ಟೇವಲ್ರಿ, ಇನ್ನೇನು ಬೇಕು?" ಅಂದ. ಹೌದು, ಗಾಡಿಗೆ ಬಂತು. ಹೆಡ್‌ಲೈಟಿಗೆ, ಹ್ಯಾಂಡಲ್ಲಿಗೆ, ಬಂಪರಿಗೆ ಬಂತು. ಅಪ್ಪನ ಕಾಲಿಗೆ ಸೊನ್ನೆ.

ಆರ್‌ಟಿಓ ಲೆಕ್ಕನೂ ಅವತ್ತೇ ಹೊರಗೆ ಬಿತ್ತು. ನಮ್ಮ ರಾಜ್ಯದಲ್ಲಿ ಆಗ, 2024ರಲ್ಲಿ, ಐವತ್ತು ಸಾವಿರದಿಂದ ಒಂದು ಲಕ್ಷದವರೆಗಿನ ಬೈಕಿಗೆ ಲೈಫ್ ಟ್ಯಾಕ್ಸ್ 12%, ಆ ಟ್ಯಾಕ್ಸಿನ ಮೇಲೆ 11% ಸೆಸ್. ನಮ್ಮ ಗಾಡಿಗೆ 11,322. ನೋಂದಣಿ ಶುಲ್ಕ 300, ಸಾಲದ ನಮೂದಿಗೆ 500, ಆರ್‌ಸಿ ಕಾರ್ಡಿಗೆ 200. ಹದಿನೇಳೂವರೆ ಸಾವಿರದಲ್ಲಿ ಐದು ಸಾವಿರಕ್ಕೆ ಲೆಕ್ಕವೇ ಇಲ್ಲ. ಕೇಳಿದರೆ "ಒಳಗ ಖರ್ಚು ಇರ್ತಾವ್ರಿ, ಎಲ್ಲಾರೂ ಕೊಡ್ತಾರ" ಅಂತ ನಗ್ತಾರೆ. ರಸೀದಿ ಕೊಡ್ರಿ ಅಂದ್ರೆ ನಗು ನಿಂತಿತು.

ಒಂದು ಮಾತು ಹೇಳಲೇಬೇಕು. ಅಪ್ಪನ ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಟ್ ಆಗೋ ಪ್ರಧಾನಮಂತ್ರಿ ಸುರಕ್ಷಾ ಬಿಮಾದಿಂದ ಒಂದು ಲಕ್ಷ ಬಂತು. ಇಪ್ಪತ್ತು ರೂಪಾಯಿಯದು ಬಂತು, ಒಂಬತ್ತು ಸಾವಿರದ್ದು ಬರಲಿಲ್ಲ. ಯಾರ ಖಾತೆಗೆ ಅದು ಇಲ್ಲವೋ ನಾಳೆನೇ ಬ್ಯಾಂಕಿಗೆ ಹೋಗಿ ಮಾಡಿಸ್ರಿ.

ಪಾಲಿಸಿಯಲ್ಲಿ ಸಿಪಿಎ ಮುಂದೆ ಸೊನ್ನೆ ಇದ್ದರೆ ಶೋರೂಮಿನವರ ಬಾಗಿಲು ಕಾಯಬೇಡ್ರಿ. 2019ರಿಂದ ಅದೊಂದನ್ನೇ ಬೇರೆಯಾಗಿ ಕೊಳ್ಳಬಹುದು. ಸಿಪಿಎ ಇದ್ದರೂ ಮುರಿದ ಮೂಳೆಗೆ, ಆಸ್ಪತ್ರೆ ಬಿಲ್ಲಿಗೆ ಅದು ಬರೋದಿಲ್ಲ, ಆರೋಗ್ಯ ವಿಮೆ ಬೇರೆನೇ ಬೇಕು. ಒಂದು ವರ್ಷ ಆದಮೇಲೆ ಬರೀ ಥರ್ಡ್ ಪಾರ್ಟಿ ಉಳಿದರೆ ಹಿಂದೆ ಕೂತ ಹೆಂಡತಿ ಮಕ್ಕಳಿಗೂ ಆ ಪಾಲಿಸಿ ಆಗೋದಿಲ್ಲ, ಇದನ್ನ ಯಾವ ಶೋರೂಮಿನವರೂ ಬಾಯಿ ಬಿಟ್ಟು ಹೇಳಂಗಿಲ್ಲ. ಒಟಿಪಿ ಯಾತಕ್ಕೆ ಅಂತ ಮೆಸೇಜ್ ಪೂರ್ತಿ ಓದದೆ ಯಾರಿಗೂ ಹೇಳಬೇಡ್ರಿ, ಪೂಜೆ ನಿಂತರೆ ನಿಲ್ಲಲಿ. ಚೀಟಿ ಮಾತ್ರ ಹರಿದು ಒಗಿಬೇಡ್ರಿ.

ವಿಮಾ ಕಂಪನಿಗೆ ಬರೆದು ಕೊಟ್ಟೀನಿ. ಒಂದು ತಿಂಗಳಲ್ಲಿ ಸರಿಯಾದ ಉತ್ತರ ಬರದಿದ್ದರೆ ವಿಮೆಯ ದೂರು ವಿಚಾರಿಸೋ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಹೋಗಬಹುದು, ಹೋಗ್ತೀನಿ. ಶೋರೂಮಿನ ಮೇಲೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಬರೆಸಾಕತ್ತೀನಿ. ಇದು ಗೊತ್ತಾದ ಮೇಲೆ ಮ್ಯಾನೇಜರ್ ಫೋನ್ ಮಾಡಿ "ಮೂರು ಸಾವಿರ ವಾಪಸ್ ಕೊಡ್ತೀವಿ, ಮುಗಿಸಿಬಿಡ್ರಿ" ಅಂದ. ನಾನು ಇಸಕೊಂಡಿಲ್ಲ. ನಿಮಗೂ ಹೀಗೇ ಡಿಕ್ಲರೇಷನ್ ಹಾಕಿ ಸಿಪಿಎ ಸೊನ್ನೆ ಮಾಡಿದ್ದರೆ ಪಾಲಿಸಿ, ದುಡ್ಡು ಕೊಟ್ಟ ಚೀಟಿ ಎರಡೂ ತಗೊಂಡು ನನ್ನ ಜೊತೆ ಬರ್ರಿ, ಒಟ್ಟಿಗೇ ದೂರು ಕೊಡೋಣ.