ಫಿನ್, ಫಿಲ್ಟರ್, ಬೆಲ್ಲದ ಕಾಫಿ: ಐಸ್ ಕ್ಯಾಂಡಿಗೆ ಯಾವುದು ಸರಿ?

ಕೊಡಗು ಅಂದರೆ ಬರೀ ಚಳಿ ಎಂದುಕೊಂಡವರು ಏಪ್ರಿಲ್ ತಿಂಗಳ ಮಧ್ಯಾಹ್ನ ಒಮ್ಮೆ ಸುಂಟಿಕೊಪ್ಪದ ನಮ್ಮ ಮನೆಗೆ ಬರಬೇಕು. ತೋಟದೊಳಗೆ ನೆರಳಿದೆ, ನಿಜ. ಕಾಫಿ ಒಣಗಿಸುವ ಕಣಕ್ಕೆ ಕಾಲಿಟ್ಟರೆ ಮಾತ್ರ ಅಂಗಾಲು ಸುಡುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಒಂದು ಬಿದ್ದು ಬಿಟ್ಟ ಮೇಲಿನ ಸೆಕೆಯಂತೂ ಕೇಳಲೇಬೇಡಿ. ಈ ಸಲ ಅಂಥ ದಿನಗಳಲ್ಲಿ ನಾನು ಹಟ ಹಿಡಿದು ಮಾಡಿದ ಕೆಲಸ ಒಂದೇ: ವಿಯೆಟ್ನಾಮ್ ರೀತಿಯ ಕಾಫಿ ಐಸ್ ಕ್ಯಾಂಡಿ.

ಶುರುವಾಗಿದ್ದು ತಮ್ಮನಿಂದ. ವಿಯೆಟ್ನಾಮಿಗೆ ಹೋಗಿ ಬಂದವನು ಒಂದು ಫಿನ್ ತಂದುಕೊಟ್ಟ. ಲೋಟದ ಮೇಲೆ ಕೂರುವ ಪುಟ್ಟ ಸ್ಟೀಲ್ ಡಬ್ಬಿ ಅದು. ತಳದಲ್ಲಿ ಸಣ್ಣ ತೂತುಗಳು, ಪುಡಿಯ ಮೇಲೆ ಇಡಲು ಒಂದು ಬಿಲ್ಲೆ, ಮುಚ್ಚಳ. ಅತ್ತೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದು ನಮ್ಮ ಫಿಲ್ಟರಿನ ಮರಿ ಅಲ್ವಾ? ಇದನ್ನ ತರಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ?" ಎಂದರು. ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಹಾಗಾದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ ಅನ್ನಿಸಿತು.

ವಿಯೆಟ್ನಾಮಿನವರ ಕಾಫಿಯಲ್ಲಿ ಗುಟ್ಟು ಅಂತ ಏನೂ ಇಲ್ಲ. ಅವರು ಬೆಳೆಯುವುದರಲ್ಲಿ ಹತ್ತಕ್ಕೆ ಒಂಬತ್ತು ಪಾಲಿಗಿಂತ ಜಾಸ್ತಿ ರೋಬಸ್ಟಾ, ಅಂದರೆ ಕಾಫಿಯ ಎರಡು ಮುಖ್ಯ ಜಾತಿಗಳಲ್ಲಿ ಹೆಚ್ಚು ಕಹಿಯದು; ಇನ್ನೊಂದು ಅರೇಬಿಕಾ. ಅದನ್ನು ಕಪ್ಪಗೆ ಹುರಿಯುತ್ತಾರೆ. ಹುರಿಯುವಾಗ ಬೆಣ್ಣೆ, ಸಕ್ಕರೆ ಸೇರಿಸುವ ರೂಢಿಯೂ ಇದೆ. ಡಿಕಾಕ್ಷನ್ನಿಗೆ ಕಂಡೆನ್ಸ್‌ಡ್ ಮಿಲ್ಕ್ ಬೆರೆಸಿ ಐಸ್ ಹಾಕಿ ಕುಡಿಯುತ್ತಾರೆ. 1857ರ ಸುಮಾರಿಗೆ ಫ್ರೆಂಚರು ಅಲ್ಲಿಗೆ ಕಾಫಿ ಗಿಡ ತಂದರು. ಹಸಿ ಹಾಲು ಸಿಗುವುದು ಕಷ್ಟವಾಗಿತ್ತು, ಸಿಕ್ಕರೂ ಆ ಸೆಕೆಗೆ ನಿಲ್ಲುತ್ತಿರಲಿಲ್ಲ. ಡಬ್ಬಿ ಹಾಲು ಹಾಗೆ ಸೇರಿಕೊಂಡಿತು. ಇದನ್ನೇ ಕಡ್ಡಿ ಚುಚ್ಚಿ ಗಟ್ಟಿ ಮಾಡಿದರೆ ನಮ್ಮ ಐಸ್ ಕ್ಯಾಂಡಿ.

ಪುಡಿಗೆ ಪರದಾಡಬೇಕಿರಲಿಲ್ಲ. ಮನೆ ಹಿಂದೆಯೇ ರೋಬಸ್ಟಾ ಇದೆ. ಒಂದು ವಿಷಯ ಹೇಳಿಬಿಡುತ್ತೇನೆ. ನಾವು ರೋಬಸ್ಟಾ ಬೆಳೆಯುತ್ತೇವೆ, ಮಾರುತ್ತೇವೆ, ವಿಯೆಟ್ನಾಮಿನಲ್ಲಿ ಮಳೆ ಬಂತಾ ಅಂತ ವಿಚಾರಿಸುತ್ತೇವೆ. 2024ರಲ್ಲಿ ಅಲ್ಲಿ ಬರ ಬಿದ್ದಾಗ ಇಲ್ಲಿ ಗೋಣಿಕೊಪ್ಪದಲ್ಲಿ ರೇಟು ಏರಿದ್ದು ಎಲ್ಲರಿಗೂ ನೆನಪಿದೆ. ಆದರೆ ಮನೆಗೆ ಯಾರಾದರೂ ಬಂದರೆ "ಅರೇಬಿಕಾ ಹಾಕಿದ್ದೇವೆ" ಎಂದು ಜಂಬ. ರೋಬಸ್ಟಾ ಬರೀ ಕಹಿ ಎಂಬ ಮಾತು ನಮ್ಮ ಬಾಯಲ್ಲೇ ಜಾಸ್ತಿ. ನಾನೂ ಹಾಗೇ ಹೇಳುತ್ತಿದ್ದೆ.

ಎರಡು ಕೆಜಿ ರೋಬಸ್ಟಾ ಕಾಫಿ ಬೇಳೆಯನ್ನು ಪೇಟೆಯ ಪುಡಿ ಅಂಗಡಿಗೆ ಕೊಟ್ಟು ಕಪ್ಪಗೆ ಹುರಿಸಿದೆ. ಅರ್ಧ ತರಿ, ಅರ್ಧ ನಯ. ಕಾಫಿ ಪುಡಿಗೆ ಬೆರೆಸುವ ಬೇರಿನ ಪುಡಿ ಚಿಕೋರಿ ಬೇಡ ಎಂದಾಗ ಅಂಗಡಿಯವರು ನನ್ನ ಮುಖ ನೋಡಿದರು.

ಮೊದಲ ಸರದಿ ಫಿನ್‌ನದು. ಅದಕ್ಕೆ ತರಿ ಪುಡಿ ಬೇಕು. ನಯ ಹಾಕಿದರೆ ತೂತು ಕಟ್ಟಿಕೊಂಡು ಒಂದು ಹನಿಯೂ ಇಳಿಯುವುದಿಲ್ಲ. 25 ಗ್ರಾಂ ಪುಡಿಗೆ ಮೊದಲು ಒಂದೆರಡು ಚಮಚ ಬಿಸಿನೀರು ಹಾಕಿ ನೆನೆಯಲು ಬಿಟ್ಟೆ. ಅರ್ಧ ನಿಮಿಷದ ಮೇಲೆ ಪೂರ್ತಿ ನೀರು. ಐದು ನಿಮಿಷದಲ್ಲಿ ಸುಮಾರು 80 ಮಿಲಿ ಇಳಿಯಿತು. ಘಮ ಚೆನ್ನಾಗಿತ್ತು. ಆದರೆ ಆರು ಕ್ಯಾಂಡಿಗೆ 300 ಮಿಲಿ ಡಿಕಾಕ್ಷನ್ ಬೇಕು. ಅಂದರೆ ನಾಲ್ಕು ಸಲ ತುಂಬಿಸು, ನಾಲ್ಕು ಸಲ ತೊಳೆ. ಒಬ್ಬರು ಕೂತು ಹನಿ ಬೀಳುವುದನ್ನು ನೋಡುತ್ತಾ ಕುಡಿಯಲು ಮಾಡಿದ ಸಾಮಾನು ಅದು. ಮಕ್ಕಳು ಬಾಯಿ ತೆರೆದುಕೊಂಡು ನಿಂತಿರುವ ಮನೆಗಲ್ಲ.

ಎರಡನೆಯದು ನಮ್ಮ ಹಿತ್ತಾಳೆ ಫಿಲ್ಟರು, ಅದೇ ರೋಬಸ್ಟಾ, ನಯ ಪುಡಿ. 100 ಗ್ರಾಂ ಹಾಕಿ ರಾತ್ರಿ ನೀರು ಹುಯ್ದು ಮಲಗಿದೆ. ಬೆಳಿಗ್ಗೆ 300 ಮಿಲಿಗೆ ಸ್ವಲ್ಪ ಕಡಿಮೆ, ಎಣ್ಣೆಯಂಥ ಡಿಕಾಕ್ಷನ್. ಎರಡನ್ನೂ ಗಟ್ಟಿ ಮಾಡಿ, ಯಾವುದು ಯಾವುದೆಂದು ಹೇಳದೆ ಮನೆಯವರಿಗೆ ಕೊಟ್ಟೆ. ಒಬ್ಬರೂ ಗುರುತು ಹಿಡಿಯಲಿಲ್ಲ! ನನಗೆ ಮಾತ್ರ ಫಿಲ್ಟರಿನದು ಸ್ವಲ್ಪ ಹೆಚ್ಚು ಗಾಢ ಅನ್ನಿಸಿತು. ಅತ್ತೆಯ ಮಾತೇ ಗೆದ್ದಿತು. ಅಲ್ಲಿಂದ ಫಿನ್ ಶೋಕೇಸಿಗೆ ಹೋಯಿತು. ತಮ್ಮ ಬಂದಾಗ ಹೊರಗೆ ತೆಗೆಯುತ್ತೇನೆ.

ಮೂರನೆಯದಕ್ಕೆ ನಾವು ದಿನಾ ಕುಡಿಯುವ ಪುಡಿ. ಅರೇಬಿಕಾ, ರೋಬಸ್ಟಾ ಎರಡೂ ಇದೆ, ಚಿಕೋರಿ ನೂರಕ್ಕೆ ಮೂವತ್ತು. ಬಣ್ಣ ಎಲ್ಲಕ್ಕಿಂತ ಚಂದ ಬಂತು, ಕಚ್ಚಿದರೆ ಮೆತ್ತಗೂ ಇತ್ತು. ರುಚಿ ಮಾತ್ರ ಕಾಫಿಯದಲ್ಲ, ಸೀದ ಬೆಲ್ಲದ್ದು. ಬಿಸಿ ಕಾಫಿಯಲ್ಲಿ ಚಿಕೋರಿ ಹಿಂದೆ ನಿಲ್ಲುತ್ತದೆ. ತಣ್ಣಗಾದರೆ ಅದೇ ಮುಂದೆ ಬಂದು ಕೂರುತ್ತದೆ. ಇನ್‌ಸ್ಟೆಂಟ್ ಪುಡಿಯಲ್ಲೂ ಒಂದು ಸಲ ಮಾಡಿದೆ. ಹತ್ತು ನಿಮಿಷದ ಕೆಲಸ, ಮಕ್ಕಳು ತಿಂದರು. ಅದರ ಬಗ್ಗೆ ಅಷ್ಟು ಸಾಕು.

ನಿಜವಾದ ಜಗಳ ಪುಡಿಯದ್ದಲ್ಲ, ಹಾಲಿನದ್ದು. ಮೂರು ಸರದಿ ಹಾಳು ಮಾಡಿದ ಮೇಲೆ ಇದು ಅರ್ಥವಾಯಿತು. ಸಕ್ಕರೆ ಇದ್ದಷ್ಟೂ ನೀರು ಹೆಪ್ಪುಗಟ್ಟಲು ತಡ ಮಾಡುತ್ತದೆ. ಡಬ್ಬಿ ಹಾಲಿನಲ್ಲಿ ಅರ್ಧದಷ್ಟು ಸಕ್ಕರೆಯೇ. ಡಿಕಾಕ್ಷನ್ ಒಂದು ಪಾಲು, ಹಾಲು ಒಂದು ಪಾಲು ಹಾಕಿದೆ. ರಾತ್ರಿಯಿಡೀ ಇಟ್ಟರೂ ಅಂಟಂಟು, ಎಳೆದರೆ ಕಡ್ಡಿ ಮಾತ್ರ ಕೈಗೆ ಬಂತು. ನಾಲ್ಕಕ್ಕೆ ಒಂದು ಮಾಡಿದೆ. ಕಲ್ಲು. ಹೀರಿದರೆ ಕಾಫಿ ಬಾಯಿಗೆ ಬಂದು ಬಿಳಿ ಐಸ್ ಕಡ್ಡಿಯಲ್ಲೇ ಉಳಿಯಿತು. ಎರಡಕ್ಕೆ ಒಂದು ಸರಿ ಬಂತು. 300 ಮಿಲಿ ಡಿಕಾಕ್ಷನ್ನಿಗೆ 150 ಮಿಲಿ ಡಬ್ಬಿ ಹಾಲು, ಒಂದು ಚಿಟಿಕೆ ಉಪ್ಪು. ಬೆರೆಸಿದಾಗ ನಾಲಿಗೆಗೆ ಇಟ್ಟು ನೋಡಿ. ಕುಡಿಯಲು ಆಗದಷ್ಟು ಸಿಹಿ, ಕುಡಿಯಲು ಆಗದಷ್ಟು ಸ್ಟ್ರಾಂಗ್ ಇರಬೇಕು. ಚಳಿಗೆ ನಾಲಿಗೆ ಮರಗಟ್ಟುತ್ತದೆ, ಎರಡೂ ಅರ್ಧಕ್ಕೆ ಇಳಿಯುತ್ತವೆ. ಅರೇಬಿಕಾ ಇಲ್ಲಿ ಸೋಲುವುದು ಇದಕ್ಕೇ. ಅದರ ನಾಜೂಕು ಡಬ್ಬಿ ಹಾಲಿನಲ್ಲಿ ಮುಳುಗಿ ಹೋಗುತ್ತದೆ. ರೋಬಸ್ಟಾದ ಕಹಿ ಗಟ್ಟಿಯಾಗಿ ನಿಲ್ಲುತ್ತದೆ. ನಾವು ಬೈಯುತ್ತಿದ್ದ ಗುಣವೇ ಇಲ್ಲಿ ಬೇಕಾಗಿದ್ದು.

ಡಬ್ಬಿ ಯಾಕೆ, ಮನೆಯಲ್ಲೇ ಹಾಲು ಬತ್ತಿಸೋಣ ಎಂದೂ ನೋಡಿದೆ. ಒಂದು ಲೀಟರ್ ಹಾಲು, 200 ಗ್ರಾಂ ಸಕ್ಕರೆ, ಒಲೆ ಮುಂದೆ ಒಂದು ಗಂಟೆಗೂ ಹೆಚ್ಚು. ಅದೂ ಆ ಸೆಕೆಯಲ್ಲಿ! ಕ್ಯಾಂಡಿ ಖೋವಾ ಖೋವಾ ಅನ್ನಿಸಿತು. ರುಚಿ ಕೆಟ್ಟದಲ್ಲ, ಕುಲ್ಫಿ ಎಂದರೆ ಒಪ್ಪಬಹುದು. ಆದರೆ ನಾಲಿಗೆಗೆ ತರಿತರಿ. ಇದರಲ್ಲಿ ಡಬ್ಬಿಗೇ ನನ್ನ ಓಟು.

ಆಮೇಲೆ ಅತ್ತೆಯ ಸರದಿ. "ಬೆಲ್ಲದ ಕಾಫಿದು ಯಾಕೆ ಮಾಡಲ್ಲ?" ಎಂದರು. ಕೊಡಗಿನ ಹಳೇ ಮನೆಗಳಲ್ಲಿ ಹಾಲಿಲ್ಲದ ಬೆಲ್ಲದ ಕಾಫಿಯೇ ಕಾಫಿ. ನಾನು ಜಾಣತನ ತೋರಿಸಲು ಹೋಗಿ ಬಿಸಿ ಹಾಲಿಗೆ ಬೆಲ್ಲ ಹಾಕಿದೆ. ಹಾಲು ಒಡೆದುಹೋಯಿತು. ಅತ್ತೆ ಏನೂ ಹೇಳಲಿಲ್ಲ, ಅದೇ ಜಾಸ್ತಿ ಚುಚ್ಚಿತು. ಕೊನೆಗೆ ಅವರು ಹೇಳಿದ ಹಾಗೆ ಮಾಡಿದೆ. ಬೆಲ್ಲದ ನೀರು ಕುದಿಸಿ, ಪುಡಿ ಹಾಕಿ, ಮುಚ್ಚಿಟ್ಟು, ಸೋಸಿ, ಒಂದು ಏಲಕ್ಕಿ. ಹಾಲಿನ ಜಿಡ್ಡು ಇಲ್ಲದ್ದರಿಂದ ಅದು ಗಾಜಿನ ಹಾಗೆ ಗಟ್ಟಿ. ಆದರೆ ರುಚಿ! ಡಬ್ಬಿ ಹಾಲಿನದು ತಿಂದ ಮೇಲೆ ನೀರು ಬೇಕು ಅನ್ನಿಸುತ್ತದೆ. ಇದು ಬಾಯಾರಿಕೆಯನ್ನೇ ಕಳೆಯುತ್ತದೆ. ಹೋಲಿಸುವುದೇ ತಪ್ಪೇನೋ. ಒಂದು ಊಟದ ಮೇಲಿನ ಸಿಹಿ, ಇನ್ನೊಂದು ತೋಟದಿಂದ ಬೆವರಿ ಬಂದವರಿಗೆ.

ಅಚ್ಚಿನ ಬಗ್ಗೆ ಒಂದು ಮಾತು. ಪ್ಲಾಸ್ಟಿಕ್ ಅಚ್ಚಿಗಿಂತ ಸಣ್ಣ ಸ್ಟೀಲ್ ಲೋಟ ವಾಸಿ. ಬೇಗ ಗಟ್ಟಿಯಾಗುತ್ತದೆ, ನಲ್ಲಿ ನೀರಿನಲ್ಲಿ ಹತ್ತು ಸೆಕೆಂಡ್ ಹಿಡಿದರೆ ಜಾರಿ ಬರುತ್ತದೆ. ಕಡ್ಡಿಯನ್ನು ಮೊದಲೇ ಹಾಕಬೇಡಿ, ಒಂದೂವರೆ ಗಂಟೆ ಬಿಟ್ಟು ಚುಚ್ಚಿದರೆ ನೆಟ್ಟಗೆ ನಿಲ್ಲುತ್ತದೆ. ಹೂಮಳೆ ಗುಡುಗಿದ ದಿನ ಮಾಡಲೇಬೇಡಿ. ನಮ್ಮಲ್ಲಿ ಆ ರಾತ್ರಿ ಹೋದ ಕರೆಂಟು ಮರುದಿನ ಮಧ್ಯಾಹ್ನ ಬಂತು. ಕರಗಿ ಮತ್ತೆ ಗಟ್ಟಿಯಾದ ಕ್ಯಾಂಡಿಯಲ್ಲಿ ಬರೀ ದಪ್ಪ ದಪ್ಪ ಐಸಿನ ಸೂಜಿಗಳು.

ಮಕ್ಕಳಿಗೆ ಸಂಜೆ ಕೊಡುವುದೂ ಬೇಡ. ರೋಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಹತ್ತಿರ ಹತ್ತಿರ ಎರಡರಷ್ಟು. ಮಗಳು ಆರು ಗಂಟೆಗೆ ಎರಡು ತಿಂದು ರಾತ್ರಿ ಹನ್ನೊಂದೂವರೆಗೆ ಮಗ್ಗಿ ಹೇಳುತ್ತಿದ್ದಳು.

ಈಗ ನಮ್ಮ ಫ್ರೀಜರಿನಲ್ಲಿ ಎರಡು ಸಾಲು. ಮುಂದಿನ ಸಾಲು ಫಿಲ್ಟರ್ ರೋಬಸ್ಟಾ, ಡಬ್ಬಿ ಹಾಲಿನದು. ಹಿಂದಿನದು ಬೆಲ್ಲದ್ದು, ಅದು ಅತ್ತೆಯದು. ಅವರ ಹಲ್ಲಿಗೆ ಆ ಗಟ್ಟಿ ಆಗುವುದಿಲ್ಲ. ಬಟ್ಟೆಯಲ್ಲಿ ಸುತ್ತಿ ಒನಕೆಯಂಥ ಕುಟ್ಟಾಣಿಯಿಂದ ನಾಲ್ಕು ಏಟು ಹಾಕಿ, ಲೋಟಕ್ಕೆ ಸುರಿದು, ಚಮಚದಲ್ಲಿ ತಿನ್ನುತ್ತಾರೆ. ನಾನೂ ಈಗ ಕಡ್ಡಿ ಚುಚ್ಚುವುದನ್ನು ಬಿಟ್ಟಿದ್ದೇನೆ, ಆ ಸಾಲಿಗೆ ಮಾತ್ರ.