ಗುಲುವಿನ ಮೊಟ್ಟೆ ಜಮಖಾನ: ಆರು ವರ್ಷ ತುಳಿದ ಮೇಲೆ

ಈ ಜಮಖಾನ 2019ರ ಫೆಬ್ರುವರಿಯಲ್ಲಿ ಉಗಾಂಡದ ಗುಲು ಪೇಟೆಯಲ್ಲಿ ಕೊಂಡಿದ್ದು. ಅಳತೆ 4 ಅಡಿ, 6 ಅಡಿ. ಪೂರ್ತಿ ಹತ್ತಿ, ತೂಕ ಸುಮಾರು 3 ಕೆಜಿ. ಕೊಟ್ಟಿದ್ದು 3,80,000 ಉಗಾಂಡ ಶಿಲ್ಲಿಂಗ್, ಆಗಿನ ಲೆಕ್ಕಕ್ಕೆ ನಮ್ಮ 7,000 ರೂಪಾಯಿ ಚಿಲ್ಲರೆ. ಎರಡು ವರ್ಷ ಅಲ್ಲಿನ ರಾಜಧಾನಿ ಕಂಪಾಲದ ಬಾಡಿಗೆ ಮನೆಯಲ್ಲಿತ್ತು, ಆಮೇಲಿಂದ ಹುಬ್ಬಳ್ಳಿಯಲ್ಲಿದೆ. ಪಕ್ಕದಲ್ಲೇ ನವಲಗುಂದ ಇಟ್ಟುಕೊಂಡು ಆಫ್ರಿಕಾದಿಂದ ಜಮಖಾನ ಹೊತ್ತು ತಂದೆಯಾ ಅಂತ ನಮ್ಮತ್ತೆ ಇವತ್ತಿಗೂ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ.

ಕೆಲಸದ ಮೇಲೆ ಗುಲುವಿಗೆ ಹೋಗಿದ್ದೆ. ಕಂಪಾಲದಿಂದ ಉತ್ತರಕ್ಕೆ 330 ಕಿಲೋಮೀಟರ್ ಆಸುಪಾಸು. ಕರುಮಾ ಹತ್ತಿರ ನೈಲ್ ನದಿ ದಾಟಬೇಕು, ಅಲ್ಲಿ ರಸ್ತೆ ಬದಿಯಲ್ಲಿ ಬಬೂನ್ ಕೋತಿಗಳು ಟೋಲ್ ವಸೂಲಿಗೆ ಕೂತ ಹಾಗೆ ಕೂತಿರುತ್ತವೆ. ನದಿ ದಾಟಿದರೆ ಅಚೋಲಿ ಜನರ ಸೀಮೆ ಹತ್ತಿರವಾಯಿತು. ಜೋಸೆಫ್ ಕೋನಿಯ ಬಂಡುಕೋರ ಪಡೆಗೂ ಸರ್ಕಾರಕ್ಕೂ ನಡುವೆ ಸುಮಾರು 20 ವರ್ಷ, 2006ರ ಕದನ ವಿರಾಮದ ತನಕ, ಇಲ್ಲಿ ಯುದ್ಧ ನಡೆಯಿತು. ಪಡೆಗೆ ಸೇರಿಸಿಕೊಳ್ಳಲು ಬಂಡುಕೋರರು ಸಾವಿರಾರು ಮಕ್ಕಳನ್ನು ಅಪಹರಿಸಿದ್ದರು. ಆ ಹೆದರಿಕೆಗೆ ಹಳ್ಳಿಯ ಮಕ್ಕಳು ದಿನಾ ಸಂಜೆ ಚಾಪೆ ಸುತ್ತಿಕೊಂಡು ಗುಲು ಪೇಟೆಗೆ ನಡೆದು ಬಂದು ಆಸ್ಪತ್ರೆ ಅಂಗಳ, ಅಂಗಡಿ ಜಗಲಿಗಳಲ್ಲಿ ಮಲಗಿ, ಬೆಳಗ್ಗೆ ವಾಪಸ್ ಹೋಗುತ್ತಿದ್ದರು.

ನಾನು ಜಮಖಾನ ಕೊಂಡ ಜಾಗ, ಆ ಯುದ್ಧಕಾಲದ ಹುಡುಗ ಹುಡುಗಿಯರಿಗೆ ಬೆಳೆದ ಮೇಲೆ ಮಗ್ಗ ಕಲಿಸಿ ಕೂಲಿ ಕೊಡುವ ಒಂದು ಚಿಕ್ಕ ಕೇಂದ್ರ. ತಗಡಿನ ಶೆಡ್ಡು, ಏಳೆಂಟು ಮಗ್ಗ. ಚಿತ್ರ ಬರೆದುಕೊಡುವವರು ಕಲಾವಿದರು, ನೇಯುವವರು ಇವರು. ನಿಜ ಹೇಳಬೇಕೆಂದರೆ, ನಾನು ಕೊಂಡಿದ್ದು ಅಯ್ಯೋ ಪಾಪ ಅಂತ.

ನನ್ನ ಜಮಖಾನದ ನಡುವೆ ಬಿಳಿ ಮೊಟ್ಟೆ ಇದೆ. ಸುತ್ತ ಇಟ್ಟಿಗೆ ಕೆಂಪು, ಅಂಚಿಗೆ ಕಪ್ಪು. ಅಚೋಲಿಗಳಲ್ಲಿ ದೀರ್ಘಕಾಲ ದೂರವಿದ್ದು ಮನೆಗೆ ಬಂದವರು ಒಳಗೆ ಹೋಗುವ ಮುಂಚೆ ಹಸಿ ಮೊಟ್ಟೆ ತುಳಿದು ಬರುವ ಶಾಸ್ತ್ರವಿದೆ, 'ನ್ಯೊನೊ ತೊಂಗ್ ಗ್ವೆನೊ' ಅನ್ನುತ್ತಾರೆ. ಯುದ್ಧದಿಂದ ತಪ್ಪಿಸಿಕೊಂಡು ಬಂದ ಮಕ್ಕಳಿಗೂ ಇದನ್ನೇ ಮಾಡಿಸಿದರು. ನಮ್ಮಲ್ಲಿ ಹೊಸ ಸೊಸೆ ಸೇರು ಒದ್ದು ಒಳಗೆ ಬರುವುದಿಲ್ವಾ, ನನಗೆ ಅದು ನೆನಪಾಯಿತು. ಅದಕ್ಕೇ ಇದನ್ನು ಹಾಲ್‌ನಲ್ಲಿ ಹಾಸದೆ ಬಾಗಿಲ ಒಳಗೆ, ಹೊಸ್ತಿಲು ದಾಟಿದ ಕೂಡಲೇ ಹಾಸಿದ್ದೇನೆ. ಅಂದರೆ ಜಾಸ್ತಿ ತುಳಿತ, ಜಾಸ್ತಿ ಮಣ್ಣು. ನಮ್ಮ ಎರೆ ಮಣ್ಣು ಗೊತ್ತಲ್ವಾ.

ಇದನ್ನು ನೇಯ್ದ ಹುಡುಗಿ ಅವತ್ತು ಅಲ್ಲೇ ಇದ್ದಳು. ಇಪ್ಪತ್ತರ ಆಸುಪಾಸು. ನಾನು ದೊಡ್ಡದಾಗಿ 'ಅಪ್ವೊಯೊ' (ನಮಸ್ಕಾರ) ಅಂದೆ, ನನಗೆ ಬರುತ್ತಿದ್ದ ಅಚೋಲಿ ಅಷ್ಟೇ. ಅವಳು ನಕ್ಕು, ಇಂಗ್ಲಿಷಿನಲ್ಲಿ ನೇರವಾಗಿ ಮೊಟ್ಟೆಯನ್ನು ಬೈಯಲು ಶುರುಮಾಡಿದಳು. ಕಲಾವಿದರು ಕಾಗದದ ಮೇಲೆ ಒಂದೇ ಎಳೆತಕ್ಕೆ ದುಂಡಗೆ ಬರೆದುಬಿಡುತ್ತಾರೆ. ಮಗ್ಗದಲ್ಲಿ ದುಂಡಗೆ ಅನ್ನುವುದೇ ಇಲ್ಲ, ಹಾಸಿನ ನೂಲು ನೆಟ್ಟಗೆ, ಹೊಕ್ಕಿನ ನೂಲು ಅಡ್ಡ. ದುಂಡಗಿರುವುದನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು. ಮೊಟ್ಟೆಯ ಬಲಕ್ಕೂ ಎಡಕ್ಕೂ ಗೆರೆ ಹೆಚ್ಚು ಕಮ್ಮಿ ನೇರ ಮೇಲಕ್ಕೆ ಹೋಗುತ್ತದೆ. ಅಲ್ಲಿ ಬಿಳಿ ನೂಲು ತನ್ನ ಗಡಿಯಿಂದ ಹಿಂದಕ್ಕೆ ತಿರುಗುತ್ತದೆ, ಕೆಂಪು ಪಕ್ಕದ ಎಳೆಯಿಂದ ತಿರುಗುತ್ತದೆ. ಒಂದನ್ನೊಂದು ಹಿಡಿಯುವುದಿಲ್ಲ, ನಡುವೆ ಸೀಳು ಉಳಿಯುತ್ತದೆ. ಎರಡು ನೂಲನ್ನೂ ಕೊಕ್ಕೆ ಹಾಕಿ ನೇಯಬಹುದು, ಆದರೆ ಕೆಲಸ ನಿಧಾನ, ಗೆರೆಯೂ ಅಷ್ಟು ಚೂಪಾಗಿ ಬರಲ್ಲ. ಕಲಾವಿದರಿಗೆ ಚೂಪು ಗೆರೆಯೇ ಬೇಕಿತ್ತು. "ಇಲ್ಲಿ ಬಾಯಿ ಬಿಡುತ್ತದೆ, ನೋಡ್ತಿರಿ" ಅಂತ ಬೆರಳಿಟ್ಟು ತೋರಿಸಿದಳು. ಮಾರಾಟಕ್ಕಿಟ್ಟ ಸಾಮಾನಿನ ದೋಷವನ್ನು ಗಿರಾಕಿಗೇ ತೋರಿಸಿದವರನ್ನು ನಾನು ನೋಡಿದ್ದು ಅದೇ ಮೊದಲು.

ಮೂರನೇ ವರ್ಷ ಬಾಯಿ ಬಿಟ್ಟಿತು. ಅವಳು ಬೆರಳಿಟ್ಟ ಕಡೆಯೇ. ಮಗಳ ಕಾಲ್ಬೆರಳು ಸಿಕ್ಕಿಕೊಂಡು ಸೀಳು ಒಂದು ಗೇಣಾಯಿತು. ದಬ್ಬಣ ತಂದು ದಪ್ಪ ಹತ್ತಿ ದಾರದಲ್ಲಿ ನಾನೇ ಹೊಲಿದೆ. ಚಂದ ಬಂದಿಲ್ಲ, ಗಟ್ಟಿಯಾಗಿದೆ.

ಬೇರೆ ಕಡೆ ಎಳೆ ಸಡಿಲವಾಗಿಲ್ಲ. ಒಂದು ತುದಿ ಇನ್ನೊಂದಕ್ಕಿಂತ ಮುಕ್ಕಾಲು ಇಂಚು ಅಗಲ, ಗೋಡೆಗೆ ಒತ್ತಿ ಹಾಸಿದರೆ ಗೊತ್ತಾಗುತ್ತದೆ. ಕುಚ್ಚು ಅರ್ಧ ಹೋಗಿದೆ, ಅದಕ್ಕೆ ನಮ್ಮ ಬೆಕ್ಕು ಹೊಣೆ. ಕೆಂಪು ಬಣ್ಣದ ವಿಷಯ ಮಾತ್ರ ಸಿಟ್ಟು ಬರಿಸಿತು. ತಣ್ಣೀರಲ್ಲಿ ಒಗೆದರೆ ಏನೂ ಆಗಲ್ಲ ಅಂದಿದ್ದರು. ಮೊದಲ ಒಗೆತಕ್ಕೇ ಬಿಳಿ ಮೊಟ್ಟೆ ತಿಳಿ ಗುಲಾಬಿಯಾಯಿತು. ಈಗ ಒಗೆಯುವುದೇ ಇಲ್ಲ. ಬಿಸಿಲಲ್ಲಿ ಹಗ್ಗಕ್ಕೆ ಹಾಕಿ ಕೋಲಿನಲ್ಲಿ ಬಡಿಯುತ್ತೇನೆ, ಕಲೆಯಾದರೆ ಒದ್ದೆ ಬಟ್ಟೆಯಲ್ಲಿ ಒತ್ತುತ್ತೇನೆ, ಆರು ತಿಂಗಳಿಗೊಮ್ಮೆ ತಲೆ ಕಾಲು ತಿರುಗಿಸುತ್ತೇನೆ. ಟೈಲ್ಸ್ ಮೇಲೆ ಜಾರುತ್ತದೆ, ಅಡಿಯಲ್ಲಿ ರಬ್ಬರ್ ಜಾಲರಿ ಬೇಕೇ ಬೇಕು.

ಇನ್ನೊಂದು ತಕರಾರು. ಜಮಖಾನದ ಜೊತೆ ಒಂದು ರಟ್ಟಿನ ಚೀಟಿ ಬಂದಿತ್ತು. ಅದರಲ್ಲಿ ಒಬ್ಬ ಹುಡುಗನ ಫೋಟೋ, ಅವನ ಮನೆಯವರಿಗೆ ಏನೇನಾಯಿತು ಅನ್ನುವ ಕಥೆ. ಯಾವ ಬಣ್ಣ, ಒಗೆಯುವುದು ಹೇಗೆ, ನೇಯಲು ಎಷ್ಟು ದಿನ ಹಿಡಿಯಿತು, ಒಂದೂ ಇಲ್ಲ. ನವಲಗುಂದದಲ್ಲಿ ನಾವು ಪಗಡೆ ಹಾಸಿನ ಜಮಖಾನ ಕೊಳ್ಳುವಾಗ ನೇಯ್ದವಳ ಕಷ್ಟದ ಪಟ್ಟಿ ಕೇಳುತ್ತೇವಾ? ಎಳೆ ಎಣಿಸುತ್ತೇವೆ. ಚೀಟಿಯನ್ನು ಕಿತ್ತು ಡ್ರಾಯರಿನಲ್ಲಿ ಹಾಕಿದೆ. ಎಸೆಯಲು ಮನಸ್ಸಾಗಲಿಲ್ಲ.

2020ರ ಜನವರಿಯಲ್ಲಿ ಅಲ್ಲಿಂದಲೇ 2 ಅಡಿ ಅಗಲದ ಒಂದು ಉದ್ದ ಹಾಸು ಮಾಡಿಸಿದೆ. ಆರು ವಾರ ಅಂದವರು ಹನ್ನೊಂದು ವಾರ ಮಾಡಿದರು, ಫೋನಿಗೆ ಉತ್ತರವಿಲ್ಲ. ಬಂದಾಗ ಕೆಂಪು ಬೇರೆ ಕೆಂಪಾಗಿತ್ತು, ಎರಡನ್ನೂ ಒಟ್ಟಿಗೆ ಹಾಸುವ ಹಾಗಿಲ್ಲ. ಆದರೆ ಆರ್ಡರ್ ಕೊಡುವಾಗ ನಾನು ಒಂದೇ ಮಾತು ಹೇಳಿದ್ದೆ: ಆ ಹುಡುಗಿಯೇ ನೇಯಲಿ, ಗೆರೆ ಹೇಗಿರಬೇಕು ಅಂತ ಅವಳೇ ನಿರ್ಧರಿಸಲಿ. ಕೊಕ್ಕೆ ಹಾಕಿ ನೇಯ್ದಿದ್ದಾಳೆ. ಗೆರೆ ಸ್ವಲ್ಪ ಮಸುಕು, ಗರಗಸದ ಹಲ್ಲಿನ ಹಾಗೆ. ಅಡುಗೆಮನೆ ಮುಂದೆ ಹಾಸಿ ಐದು ವರ್ಷವಾಯಿತು. ಬೆರಳು ತೂರಿಸಿ ನೋಡುತ್ತಿರುತ್ತೇನೆ, ಎಲ್ಲೂ ಬಾಯಿ ಬಿಟ್ಟಿಲ್ಲ.